ಮಾಮನ ಟೀಮಿನ ಐದನೆಯ ಜಾಗ

ಸತ್ತವರಿಗೂ ಬದುಕಿರುವವರಿಗೂ ಪಂದ್ಯ ಏರ್ಪಡಿಸಿ, ಗೆದ್ದವರು ಯಾರೆಂದು ಘೋಷಿಸಬಲ್ಲ ಮನುಷ್ಯ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಒಬ್ಬರೇ ಇರುವುದು. ಅವರು ನನ್ನ ತಾಯಿಯ ಅಣ್ಣ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬೇಕೋ, ಮೆಲ್ಲಗೆ ಹೇಳಬೇಕೋ ಎಂಬುದು ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ಶಿರಿಯದ ಗಂಡಸರು ಗಲ್ಫಿನಿಂದ ಬರುವಾಗ ಎಂತೆಂತಹ ವಸ್ತು ತರುತ್ತಾರೆ! ಅತ್ತರು, ಕಂಬಳಿ, ಟಾರ್ಚು, ಹಾಲಿನ ಪುಡಿ. 2001ರಲ್ಲಿ ಮಾಮ ಶಾರ್ಜಾದ ಕೆಲಸ ಬಿಟ್ಟು ಬಂದಾಗ ಇಡೀ ಮನೆ ಪೆಟ್ಟಿಗೆಯ ಸುತ್ತ ಕೂತಿತ್ತು. ಹಗ್ಗ ಬಿಚ್ಚಿದರೆ ಒಳಗಿದ್ದದ್ದು ಒಂದು ಬಾಸ್ಕೆಟ್‌ಬಾಲ್ ಮತ್ತು ಒಂದು ಕಬ್ಬಿಣದ ರಿಂಗು! ಅಜ್ಜಿ ರಿಂಗನ್ನು ತಿರುಗಿಸಿ ತಿರುಗಿಸಿ ನೋಡಿ, "ಮಡಕೆ ಇಡ್ಲಿಕ್ಕೆ ಒಳ್ಳೆದುಂಟು" ಎಂದು ಅಡುಗೆಮನೆಗೆ ಒಯ್ದರು. ಅದನ್ನು ಬಿಡಿಸಿ ತರಲು ಮಾಮನಿಗೆ ಮೂರು ದಿನ ಬೇಕಾಯಿತು.

ಶಾರ್ಜಾದಲ್ಲಿ ಮಾಮನ ಜೊತೆ ಒಂದೇ ಕೋಣೆಯಲ್ಲಿದ್ದವರೆಲ್ಲ ಫಿಲಿಪ್ಪೀನ್ಸಿನವರಂತೆ. ರಜೆಯ ದಿನ ಅವರು ಬಾಸ್ಕೆಟ್‌ಬಾಲ್ ಆಡುತ್ತಿದ್ದರು, ಉಳಿದ ದಿನ ಬಾಸ್ಕೆಟ್‌ಬಾಲಿನ ಬಗ್ಗೆ ಜಗಳ ಆಡುತ್ತಿದ್ದರು. ಮಾಮ ಆಟವನ್ನು ಅರ್ಧ ಕಲಿತರು, ಜಗಳವನ್ನು ಪೂರ್ತಿ ಕಲಿತರು. ಊರಿಗೆ ಬಂದು ದಿನಸಿ ಅಂಗಡಿ ಇಟ್ಟು, ಪಕ್ಕದ ತೆಂಗಿನ ಮರಕ್ಕೆ ಹಲಗೆ ಕಟ್ಟಿ ರಿಂಗು ಬಡಿದರು. ಆಟದ ನಡುವೆ ಕಾಯಿ ಬಿದ್ದರೆ ಅದು ಫೌಲ್. ಯಾರ ಫೌಲ್? ಮರದ್ದು!

ಅಮೆರಿಕದ ಆಟಗಾರರ ಹೆಸರುಗಳಿಗೆ ಮಾಮನ ನಾಲಗೆ ಹೊರಳುತ್ತಿರಲಿಲ್ಲ. ಹಾಗಾಗಿ ಎಲ್ಲರಿಗೂ ಹೊಸದಾಗಿ ನಾಮಕರಣವಾಯಿತು. ಐವತ್ತು ವರ್ಷ ಹಿಂದೆ ಆಡಿದ ಒಬ್ಬ ಎತ್ತರದ ಆಸಾಮಿ 'ತೆಂಗು'. ಮೊನ್ನೆ ಮೊನ್ನೆ ಆಟ ನಿಲ್ಲಿಸಿದ ಹೊಸಬನೊಬ್ಬ, ಯಾರ ಕೈಗೂ ಸಿಗದೆ ಮೀನಿನಂತೆ ಜಾರುವವನು, 'ಬಂಗುಡೆ'. ತೆಂಗು ಮತ್ತು ಬಂಗುಡೆ ಎದುರಾದರೆ ಗೆಲ್ಲುವುದು ಯಾರು? ಈ ಪ್ರಶ್ನೆಯನ್ನು ಮಾಮ ಅಕ್ಕಿ ಕೊಳ್ಳಲು ಬಂದವರಲ್ಲೂ ಕೇಳುತ್ತಿದ್ದರು. ಮದುವೆಗೆ ಹೆಣ್ಣು ನೋಡಲು ಬಂದವರಲ್ಲೂ ಕೇಳಿದರು. ಆ ಹೆಣ್ಣು ನಾನೇ!

ಮಾಮನ ಎದುರಾಳಿ, ಅವರನ್ನು 'ಕಾಕ' ಎಂದು ಕರೆಯುವ ನಮ್ಮ ಊರಿನ ಮೀನು ಮಾರುವ ಅಣ್ಣ. ಸೈಕಲ್ಲಿನಲ್ಲಿ ಮೀನಿನ ಬುಟ್ಟಿ ಬಿಟ್ಟು ಇವರು ವಾದಕ್ಕೆ ಇಳಿದರೆ, ಲಾಭವೆಲ್ಲ ಊರಿನ ಬೆಕ್ಕುಗಳಿಗೆ.

"ಹಳಬರು ಎಂತ ಆಡ್ತಾರೆ ಕಾಕ? ಈಗಿನವರ ಶೂ ನೋಡಿದ್ದೀರಾ? ಅದೇ ಅರ್ಧ ಹಾರ್ತದೆ!"

"ಹಾಗಾದ್ರೆ ತೆಂಗಿಗೂ ಹೊಸ ಶೂ ಕೊಡುವ. ಬಂಗುಡೆಯನ್ನು ಹಳೇ ಬಸ್ಸಲ್ಲಿ ಬೆಳ್ಳೂರಿಂದ ನಿಲ್ಲಿಸಿಕೊಂಡು ತರುವ. ಮತ್ತೆ ನೋಡು ಮಾರಾಯ, ಯಾರು ಹಾರ್ತಾರೆ ಅಂತ!"

ನ್ಯಾಯವೆಂದರೆ ಇದು! ಮಾಮನ ಕಾನೂನಿನಲ್ಲಿ ಇನ್ನೂ ಒಂದು ಕಲಮು ಇತ್ತು. ಪ್ರತಿ ಆಟಗಾರ ತನ್ನ ಅತ್ಯುತ್ತಮ ಪ್ರಾಯದಲ್ಲೇ ಬರಬೇಕು. ಆ ಪ್ರಾಯ ಯಾವುದೆಂದು ಅವನು ಆಟ ನಿಲ್ಲಿಸಿದ ಮೇಲಷ್ಟೇ ಹೇಳಬಹುದು. ನಿಲ್ಲಿಸದವನನ್ನು ಟೀಮಿಗೆ ತೆಗೆದುಕೊಳ್ಳುವ ಹಾಗಿಲ್ಲ.

ಪಂದ್ಯ ನಡೆಯುತ್ತಿದ್ದದ್ದು ಗಲ್ಲಾಪೆಟ್ಟಿಗೆಯ ಪಕ್ಕದ ಮೇಜಿನ ಮೇಲೆ. ಸೋಡಾ ಬಾಟಲಿಗಳು ಹಳಬರು, ಸಾಬೂನುಗಳು ಹೊಸಬರು, ಚೆಂಡು ಒಂದು ಲಿಂಬೆ. ಒಮ್ಮೆ ಬಿಸಿಲಲ್ಲಿ ಬೆವರಿ ಬಂದವರೊಬ್ಬರು ಸೋಡಾ ಕೇಳಿದರು. "ಈಗ ಕೊಡ್ಲಿಕ್ಕೆ ಆಗುದಿಲ್ಲ, ಎರಡು ನಿಮಿಷದ ಆಟ ಬಾಕಿ ಉಂಟು" ಎಂದರು ಮಾಮ. ಆ ಪುಣ್ಯಾತ್ಮ ಸಿಟ್ಟಾಗಬೇಕಿತ್ತಲ್ಲವೇ? ಅಲ್ಲೇ ಕೂತು ಆಟ ನೋಡಿ, ಕೊನೆಗೆ ತೆಂಗನ್ನೇ ಕುಡಿದು ಹೋದರು!

ಇನ್ನೊಮ್ಮೆ ಮೀನಿನ ಅಣ್ಣ ಭಾರಿ ತಕರಾರು ತೆಗೆದರು. ವರ್ಷ ವರ್ಷ ಮರ ಬೆಳೆಯುತ್ತದೆ, ಜೊತೆಗೆ ರಿಂಗೂ ಮೇಲೆ ಹೋಗುತ್ತದೆ, ಆದ್ದರಿಂದ ಮೊದಲು ಆಡಿದವರದು ಸುಲಭದ ಆಟ ಎಂದು. ತೆಂಗಿನ ಮರ ಬೆಳೆಯುವುದು ತಲೆಯಲ್ಲಿ ಮಾತ್ರ ಎಂದು ಶಾಲೆಯ ಮಾಷ್ಟ್ರು ಹೇಳಿದರೂ ಅಣ್ಣ ಒಪ್ಪಲಿಲ್ಲ. ಮಾಮ, ರಿಂಗು ಕಟ್ಟಿದ ದಿನ ಮಸಿಯಿಂದ ಗುರುತು ಹಾಕಿಟ್ಟಿದ್ದ ಬಿದಿರು ತಂದು ಅಳೆದರು. ರಿಂಗು ಮೇಲೆ ಹೋಗುವ ಬದಲು ನಾಲ್ಕು ಬೆರಳು ಕೆಳಗೆ ಬಂದಿತ್ತು! ಪ್ರತಿ ಮಳೆಗಾಲದಲ್ಲಿ ಮಣ್ಣು ಕೊಚ್ಚಿ ಬಂದು ಅಂಗಳವೇ ಎತ್ತರವಾಗಿತ್ತು.

"ನೋಡಿದ್ಯಾ? ಈಗಿನವರಿಗೆ ಭೂಮಿಯೇ ಸಪೋರ್ಟ್ ಮಾಡ್ತದೆ!" ಎಂದು ಮಾಮ ಹೊಸಬರ ಲೆಕ್ಕದಿಂದ ಹತ್ತು ಅಂಕ ಕಳೆದೇಬಿಟ್ಟರು.

ಆ ಮರದ ಕೆಳಗೆ ಚೆಂಡು ಹಿಡಿದು ಬೆಳೆದವಳು ನಾನು. ತಲೆಗೆ ಶಾಲು ಬಿಗಿದು ಎಸೆಯಲು ನಿಂತರೆ ಮಾಮ ಅಂಗಡಿಯ ಒಳಗಿಂದಲೇ "ಎಡಗೈ! ಎಡಗೈ!" ಎಂದು ಕೂಗುತ್ತಿದ್ದರು. ನನ್ನ ಎಡಗೈಗೂ ಚೆಂಡಿಗೂ ಹುಟ್ಟಿನಿಂದ ಆಗಿಬರುತ್ತಿರಲಿಲ್ಲ. ಆದರೂ ಹತ್ತನೆಯ ತರಗತಿಯಲ್ಲಿ ಬಲಗೈಯೊಂದರಲ್ಲೇ ನಮ್ಮ ಶಾಲೆಯನ್ನು ಉಪಜಿಲ್ಲಾ ಕ್ರೀಡಾಕೂಟದಲ್ಲಿ ಗೆಲ್ಲಿಸಿದೆ. ಅಲ್ಲಿಗೆ ಮುಗಿಯಿತು. ಆಮೇಲೆ ಪ್ಲಸ್ ಟು, ಮದುವೆ, ದೇಲಂಪಾಡಿಯ ಮನೆ, ಇಬ್ಬರು ಮಕ್ಕಳು.

ಮಾಮ 'ಶಿರಿಯದ ಸರ್ವಕಾಲದ ಟೀಮ್' ಎಂದು ಒಂದನ್ನು ಕಟ್ಟಿದ್ದು ನನ್ನ ಮದುವೆಯ ನಂತರ. ಐದು ಜನರ ಟೀಮು. ಮೊದಲನೆಯವರು, ಬೇರೆ ಯಾರು, ಇಪ್ಪತ್ತಾರರ ಪ್ರಾಯದ ಮಾಮ! ಎರಡನೆಯವರು ಮೊಣಕಾಲು ಹಾಳಾಗುವ ಮೊದಲಿನ ಮೀನಿನ ಅಣ್ಣ. ಮೂರನೆಯವನು ಹೊಟ್ಟೆ ಬರುವ ಮೊದಲಿನ ನನ್ನ ತಮ್ಮ. ನಾಲ್ಕನೆಯವರು ನಿವೃತ್ತ ಪೋಸ್ಟ್‌ಮ್ಯಾನ್. ಅವರು ಜನ್ಮದಲ್ಲಿ ಚೆಂಡು ಮುಟ್ಟಿದವರಲ್ಲ!

"ನಾಯಿ ಅಟ್ಟಿಸಿದಾಗ ಅವರು ಕಾಂಪೌಂಡು ಹಾರಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ಆಟ ಮಾರಾಯ್ತಿ!"

ಐದನೆಯ ಜಾಗ ಖಾಲಿ. ತವರಿಗೆ ಬಂದಾಗಲೆಲ್ಲ ನಗುತ್ತಲೇ ಕೇಳುತ್ತಿದ್ದೆ, "ಐದನೆಯದು ಯಾರು ಮಾಮ?" "ಆಲೋಚನೆ ಮಾಡುವ" ಎಂದು ಅವರು ಬೆಲ್ಲ ತೂಗಲು ತಿರುಗುತ್ತಿದ್ದರು. ನಗು ಮೇಲಿನದು. ಒಳಗೊಳಗೆ ನನಗೆ ಬಹಳ ನೋವಾಗುತ್ತಿತ್ತು. ಜೀವನದಲ್ಲಿ ನಾನು ಚೆನ್ನಾಗಿ ಮಾಡಿದ ಕೆಲಸ ಅದೊಂದೇ ಎಂದು ನನಗೆ ಅನಿಸಿತ್ತು. ಅದಕ್ಕೂ ಒಂದು ಜಾಗ ಇಲ್ಲವೇ? ನಾಯಿಗೆ ಹೆದರಿದವರಿಗೆ ಇದೆ, ನನಗಿಲ್ಲವೇ?

2019ರಲ್ಲಿ ಮಾಮನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಮಂಗಳೂರಿನ ಆಸ್ಪತ್ರೆಯಿಂದ ಮನೆಗೆ ಕರೆತಂದ ಮರುವಾರ ನಾನು ಹೋದಾಗ ಅವರು ಅಂಗಡಿಯ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿದ್ದರು. ಎಡಗೈಯಲ್ಲಿ ಚಾದ ಗ್ಲಾಸು. ಅರ್ಧ ಚಾ ಅಂಗಿಯ ಮೇಲೆ. ಅದನ್ನು ನೋಡಿದಾಗ ನನ್ನೊಳಗೆ ಕಟ್ಟಿಟ್ಟದ್ದೆಲ್ಲ ಒಡೆದುಹೋಯಿತು. ಅಳುತ್ತಾ ಜಗಳಕ್ಕೇ ನಿಂತೆ.

"ಈಗಲಾದ್ರೂ ಹೇಳಿ ಮಾಮ. ನಾನು ನಿಮ್ಮ ಟೀಮಿಗೆ ಆಗುದಿಲ್ವಾ? ಹದಿನಾರರ ಪ್ರಾಯದ ನನ್ನನ್ನು ತೆಗೊಳ್ಳಿ, ಸಾಕು!"

ಮಾಮ ಗ್ಲಾಸನ್ನು ಕೆಳಗಿಟ್ಟರು. ಆಮೇಲೆ ಒಂದೊಂದೇ ಶಬ್ದವನ್ನು ಎಳೆದು ತಂದರು.

"ನೀನು... ಆಟ ನಿಲ್ಲಿಸಿದ್ದು ಯಾವಾಗ? ನನಗೆ ಯಾರೂ ಹೇಳ್ಲಿಲ್ಲ."

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

"ನಿನ್ನ ಎಡಗೈ ಇನ್ನೂ ಸರಿ ಆಗ್ಲಿಲ್ಲ. ಬೆಸ್ಟ್ ಪ್ರಾಯ ಬರುವ ಮೊದ್ಲೇ ಹೇಗೆ ತೆಗೊಳ್ಳುದು ಮಗಳೇ?"

ಅಕ್ಕಿ ಮೂಟೆಗಳ ಹಿಂದೆ ಚೆಂಡಿತ್ತು. ಮೆತ್ತಗಾಗಿದ್ದರೂ ಗಾಳಿ ಉಳಿದಿತ್ತು. ನನಗೆ ಇಪ್ಪತ್ತೊಂಬತ್ತು, ಉಟ್ಟದ್ದು ಸೀರೆ, ಎದುರಿನ ರಸ್ತೆಯಲ್ಲಿ ಬಸ್ಸಿಗೆ ಕಾಯುವ ಜನ. ಸೆರಗು ಸಿಕ್ಕಿಸಿ ಎಡಗೈಯಲ್ಲಿ ಎಸೆದೆ. ಚೆಂಡು ರಿಂಗಿಗೂ ಹಲಗೆಗೂ ಮುಟ್ಟದೆ ನೇರವಾಗಿ, ಮರದ ಆಚೆ ಸೈಕಲ್ಲು ನಿಲ್ಲಿಸಿದ್ದ ಮೀನಿನ ಅಣ್ಣನ ಬುಟ್ಟಿಗೆ ಬಿತ್ತು!

ಮಾಮನಿಗೆ ಎಲ್ಲಿಲ್ಲದ ಖುಷಿ. ಇದ್ದ ಒಂದು ಕೈಯಿಂದ ತೊಡೆ ತಟ್ಟಿ ತಟ್ಟಿ ಕೂಗಿದರು.

"ನೋಡು! ನಾನು ಹೇಳ್ಲಿಲ್ವಾ? ಇನ್ನೂ ಉಂಟು! ಇನ್ನೂ ತುಂಬಾ ಉಂಟು!"

ಈಗ ತಿಂಗಳಿಗೆರಡು ಸಲ ಶಿರಿಯಕ್ಕೆ ಹೋಗುತ್ತೇನೆ. ಅವರ ಎಡಗೈ ಚಾ ಕುಡಿಯಲು ಕಲಿಯುತ್ತಿದೆ, ನನ್ನ ಎಡಗೈ ಚೆಂಡು ಎಸೆಯಲು. ಐದನೆಯ ಜಾಗ ಇನ್ನೂ ಖಾಲಿಯೇ ಇದೆ. ಮೊದಲು ಅದಕ್ಕಾಗಿ ಅತ್ತವಳು ನಾನು. ಈಗ ಮಾಮ ನನ್ನನ್ನು ಟೀಮಿಗೆ ಸೇರಿಸುವ ದಿನ ಬಾರದಿರಲಿ ಎಂದು ಬೇಡಿಕೊಳ್ಳುವವಳೂ ನಾನೇ.