ಕಡೆಗೆ ಹೋಗುವುದು ಕಿವಿ

ಅತ್ತೆಯ ಮಣ್ಣಿನ ದಿನ ಬೆಳಿಗ್ಗೆ ಮೆಲೆಸಿಯೊ ಹೆಂಡತಿಯನ್ನು ಸಮಾಧಾನ ಮಾಡಲು ಹೋದ. ಆ ದಿನದ ಅನಾಹುತಕ್ಕೆಲ್ಲ ಅದೇ ಮೂಲ.

ನೆನಿತಾ ತವರಿನ ಅಡುಗೆಮನೆಯಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕಣ್ಣು ಸುರಿಯುತ್ತಿತ್ತು. ಬೆಳ್ಳುಳ್ಳಿ ಸುಲಿದರೆ ಕಣ್ಣಲ್ಲಿ ನೀರು ಬರುವುದಿಲ್ಲ ಎಂಬುದು ಮೆಲೆಸಿಯೊಗೆ ಗೊತ್ತಿತ್ತು.

"ನಾನಾಯ್ ಹೋಗುವಾಗ ಒಂದ್ಸಲ ಕಣ್ಣು ಬಿಟ್ಟು ನೋಡ್ಲಿಲ್ಲ ನನ್ನ," ಎಂದಳು ನೆನಿತಾ. ಆ ಮನೆಯಲ್ಲಿ ಅಮ್ಮನನ್ನು ಕರೆಯುತ್ತಿದ್ದದ್ದು ನಾನಾಯ್ ಎಂದು. "ಹೆತ್ತ ತಾಯಿಗೆ ಮಗಳು ಪಕ್ಕದಲ್ಲೇ ಇದ್ದಾಳೆ ಅಂತ ಗೊತ್ತಾಯ್ತೋ ಇಲ್ವೋ."

ಮೆಲೆಸಿಯೊ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಗಡ್ಡೆ ಪುಡಿಮಾಡುವ ಯಂತ್ರದ ಪಕ್ಕದ ಮೊಳೆಗೆ ಒಂದು ರೇಡಿಯೋ ನೇತುಹಾಕಿದ್ದರು. ಬೆಳಗಿನ ಕಾರ್ಯಕ್ರಮದಲ್ಲಿ ಲೋಕದ ವಿಚಿತ್ರಗಳನ್ನು ಹೇಳುತ್ತಿದ್ದರು. ಕೇಳಿದ್ದನ್ನು ಸಂಜೆಯೊಳಗೆ ಇನ್ನೊಬ್ಬರ ಕಿವಿಗೆ ದಾಟಿಸದಿದ್ದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಚಿಟ್ಟೆ ಕಾಲಿನಿಂದ ರುಚಿ ನೋಡುತ್ತದೆ ಎಂದು ಮದುವೆಯ ಊಟದ ಮಧ್ಯೆ ಹೇಳಿ ಬೀಗರ ತಟ್ಟೆಯ ಮೇಲೆ ಕೂತಿದ್ದ ಚಿಟ್ಟೆಯನ್ನು ತೋರಿಸಿದವನು ಅವನು. ಅದಕ್ಕೇ ನೆನಿತಾ ಅವನಿಂದ ಮಾತು ತೆಗೆದುಕೊಂಡಿದ್ದಳು: ಮಣ್ಣು ಮುಗಿಯುವವರೆಗೆ ರೇಡಿಯೋ ಸುದ್ದಿ ಬಾಯಿಂದ ಹೊರಡಕೂಡದು. ಹೆಣವನ್ನು ಮನೆಯಲ್ಲಿಟ್ಟು ಬಂದವರಿಗೆ ಊಟ ಹಾಕುತ್ತಿದ್ದ ಅಷ್ಟು ದಿನವೂ ಅವನು ಹಸಿ ಮೀನನ್ನು ಜೇಬಿನಲ್ಲಿಟ್ಟುಕೊಂಡವನಂತೆ ಚಡಪಡಿಸುತ್ತ ಓಡಾಡಿಕೊಂಡಿದ್ದ.

ಆದರೆ ಇದು ಸುದ್ದಿಯಲ್ಲ, ಸಾಂತ್ವನ ಎಂದು ಅವನಿಗೆ ಅನ್ನಿಸಿತು.

"ಗೊತ್ತಾಗಿರುತ್ತೆ ಬಿಡು," ಎಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. "ಸಾಯೋರಿಗೆ ಎಲ್ಲಕ್ಕಿಂತ ಕಡೆಗೆ ಹೋಗೋದು ಕಿವಿಯಂತೆ. ಕಣ್ಣು ಮುಚ್ಚಿರುತ್ತೆ, ಕೈಕಾಲು ಆಡಲ್ಲ, ಆದ್ರೂ ಪಕ್ಕದಲ್ಲಿ ಮಾತಾಡಿದ್ದು ಕೇಳಿಸ್ತಾನೇ ಇರಬಹುದಂತೆ. ಒಬ್ಬ ಡಾಕ್ಟರು ಹೇಳಿದ್ರು. ನೀವು ಮಕ್ಕಳು ಆಡಿದ ಮಾತೆಲ್ಲ ಒಂದೊಂದೂ ಅವರ ಕಿವಿಗೆ ಬಿದ್ದಿರುತ್ತೆ."

ನೆನಿತಾಳ ಕಣ್ಣೀರು ನಿಂತಿತು. ಮೆಲೆಸಿಯೊಗೆ ಸಮಾಧಾನವಾಯಿತು. ಆಮೇಲೆ ಅವಳ ಮುಖ ನೋಡಿದ.

"ಒಂದೊಂದೂನಾ?" ಎಂದಳು.

"ಹೂಂ."

"ಹೊಲಿಗೆ ಮಿಷನ್ನಿನ ಮಾತೂ?"

ಆಗ ಅವನಿಗೆ ನೆನಪಾಯಿತು. ಕೊನೆಯ ಆ ಸಂಜೆ ಅಕ್ಕ ತಂಗಿ ಇಬ್ಬರೂ ಮಂಚದ ಆಚೆ ಈಚೆ ನಿಂತು, ನಡುವೆ ತಾಯಿಯನ್ನು ಮಲಗಿಸಿಕೊಂಡು, ಅವಳ ಹೊಲಿಗೆ ಮಿಷನ್ನು ಯಾರಿಗೆ ಎಂದು ವಾದ ಮಾಡಿದ್ದರು. ಎರಡು ದಿನದಿಂದ ಎಚ್ಚರವಿಲ್ಲದ ಮುದುಕಿಯ ಮುಂದೆ ದನಿ ತಗ್ಗಿಸಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಒಲೆಯ ಬಳಿ ಕಾಫಿ ಕಲಕುತ್ತಿದ್ದ ಪಕ್ಕದ ಮನೆಯ ಹಿರಿಯಕ್ಕ ಮಾನಾಂಗ್ ತಿನಾಯ್ ಚಮಚ ಕೆಳಗಿಟ್ಟಳು. "ಏನಂದೆ ಮೆಲೆಸಿಯೊ? ಇನ್ನೊಂದ್ಸಲ ಹೇಳು," ಎಂದಳು. ಅವನು ಹೇಳಬಾರದಿತ್ತು. ಹೇಳಿದ. ಕೇಳಿದವರು ಇನ್ನೊಂದು ಸಲ ಹೇಳೆಂದದ್ದು ಅವನ ಜೀವಮಾನದಲ್ಲಿ ಅದೇ ಮೊದಲು.

ಕಾಫಿ ಅಲ್ಲೇ ಆರಿತು. ತಿನಾಯ್ ಹೊರಗೆ ಹೋದಳು, ಸುದ್ದಿ ಅವಳಿಗಿಂತ ಮುಂದೆ ಹೋಯಿತು. ಅಂಗಳದ ಟಾರ್ಪಾಲಿನ ಕೆಳಗೆ ಶವ ಕಾಯುತ್ತ ಇಸ್ಪೀಟು ಆಡುತ್ತಿದ್ದವರ ಕೈಗಳು ನಿಂತವು. ಕಾಯಿಲೆ ನೋಡಲು ಬಂದು ಆ ಮಂಚದ ಪಕ್ಕ ಹೊತ್ತು ಕಳೆದವರು ಓಣಿಯಲ್ಲಿ ಕಡಿಮೆಯಿರಲಿಲ್ಲ. ತಾವು ಅಲ್ಲಿ ಏನು ಮಾತಾಡಿದ್ದೆವೆಂದು ಈಗ ಒಬ್ಬೊಬ್ಬರೂ ನೆನೆಸಿಕೊಳ್ಳತೊಡಗಿದರು.

ಮೊದಲು ಶವಪೆಟ್ಟಿಗೆಯ ಬಳಿ ಹೋದವಳು ತಿನಾಯಳೇ. ಮುಚ್ಚಳದ ಗಾಜಿನ ಮೇಲೆ ಕಣ್ಣೀರು ಬೀಳಬಾರದೆಂದು ಕರವಸ್ತ್ರವನ್ನು ಗದ್ದದ ಕೆಳಗೆ ಹಿಡಿದು ಬಾಗಿದಳು. "ಕ್ಲಾರಿಂಗ್, ಬಿಂಗೋ ಆಟದಲ್ಲಿ ನೀನು ಮಾಡದ ಮೋಸ ಇಲ್ಲ ಅಂತ ಅವತ್ತು ಅಂದುಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡ. ರಾತ್ರಿ ನನ್ನ ಮನೆಗೆ ಬರಬೇಡ," ಎಂದಳು.

ಸತ್ತವಳು ಕೇಳಿಸಿಕೊಂಡಳೋ ಇಲ್ಲವೋ, ಕೋಣೆಯಲ್ಲಿ ಇದ್ದವರೆಲ್ಲ ಕೇಳಿಸಿಕೊಂಡರು.

ಆಮೇಲೆ ಸಾಲು ನಿಂತಿತು. ಹಿರಿಯ ಮಗಳು ಪುರಿಂಗ್ ಗಾಜಿಗೆ ಕೈಯಿಟ್ಟು ಅತ್ತಳು. "ನಾನಾಯ್, ಮಿಷನ್ನು ನೆನಿತಾಗೆ ಕೊಟ್ರೆ ತಿಂಗಳು ತುಂಬೋದ್ರಲ್ಲಿ ಮಾರ್ಕೋತಾಳೆ ಅಂದೆ. ನಿನ್ನ ತಲೆದೆಸೆಯಲ್ಲೇ ನಿಂತು ಅಂದೆ. ಕ್ಷಮಿಸು."

ಹಿಂದೆಯೇ ನೆನಿತಾ ನಿಂತಿದ್ದಳು. "ಮಾರ್ಕೋತೀನಿ ಅಂದ್ಯಾ? ಆ ಮಾತು ನನಗೆ ಕೇಳಿಸ್ಲೇ ಇಲ್ವಲ್ಲ."

"ನೀನಾಗ ನೀರು ತರೋಕೆ ಹೋಗಿದ್ದೆ."

"ಅಂದ್ರೆ ನಾನು ಹೋಗೋದನ್ನೇ ಕಾದು ಅಂದೆ."

"ಅಮ್ಮನ ಮುಂದೆ ದನಿ ಎತ್ತಬೇಡ."

"ಅವತ್ತು ಎತ್ತಿದ್ದು ಯಾರು?"

ಇಬ್ಬರ ನಡುವೆ ಬಂದು ನಿಂತವನು ಅಣ್ಣ ಆರ್ಸೆನಿಯೊ. ಊರಿನ ಮೀನುಸಂತೆಯಲ್ಲಿ ಅವನ ಮಾತಿಗೆ ಬೆಲೆಯಿತ್ತು. ತಂಗಿಯರನ್ನು ಬದಿಗೆ ಸರಿಸಿ, ಟೋಪಿ ತೆಗೆದು, ಗಂಭೀರವಾಗಿ ತಾನೂ ಬಾಗಿದ. ಪಿಸುಗುಟ್ಟಿದರೂ ಅವನದು ಹರಾಜಿನ ದನಿ. "ನಾನಾಯ್, ಅಮ್ಮ ಶನಿವಾರ ದಾಟಲ್ಲ, ದಪ್ಪ ಹಂದಿ ಒಂದು ಎತ್ತಿಡಿ ಅಂತ ನಿನ್ನ ಮಂಚದ ಪಕ್ಕ ನಿಂತು ಫೋನಲ್ಲಿ ಹೇಳಿದ್ದು ನಿಜ. ಬಂದವರಿಗೆ ಊಟ ಕಡಿಮೆ ಆದ್ರೆ ನಿನಗೇ ಅವಮಾನ ಅಂತ ಹೇಳ್ದೆ."

ಈಗ ತಂಗಿಯರಿಬ್ಬರೂ ಒಂದಾದರು. "ಅಮ್ಮ ಉಸಿರಾಡ್ತಿರುವಾಗ ಹಂದಿ ಹೇಳಿದ್ಯಾ?" ಎಂದಳು ಪುರಿಂಗ್.

"ನೀವು ತಿಂದ್ರಲ್ಲ," ಎಂದ ಆರ್ಸೆನಿಯೊ. "ನೀನು ಎರಡನೇ ಸಲ ಹಾಕಿಸ್ಕೊಂಡೆ."

ಮಧ್ಯಾಹ್ನದ ಹೊತ್ತಿಗೆ ಮನೆ ಮೂರು ಪಾಲಾಗಿತ್ತು. ಆರ್ಸೆನಿಯೊ ಅಂಗಳದಲ್ಲಿ ಬೆನ್ನು ಹಾಕಿ ಕೂತ. ಪುರಿಂಗ್ ಗಂಡನನ್ನು ಕರೆದು, ನೀವು ಪೆಟ್ಟಿಗೆಗೆ ಹೆಗಲು ಕೊಡಬೇಡಿ ಎಂದಳು. ನೆನಿತಾ ಹೊಲಿಗೆ ಮಿಷನ್ನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು, ಅದಕ್ಕೆ ಪುರಿಂಗ್ ಬೇರೆ ಅರ್ಥ ಹಚ್ಚಿದಳು. ಮೆಲೆಸಿಯೊ ಎಲ್ಲಿ ನಿಂತರೂ ಅಲ್ಲಿದ್ದವರು ಎದ್ದು ಹೋಗುತ್ತಿದ್ದರು. ಕಡೆಗೆ ಅವನು ನೀರಿನ ತೊಟ್ಟಿಯ ಪಕ್ಕ ಹೋಗಿ ನಿಂತ.

"ಅದಿರ್ಲಿ, ನೀನೇನು ಹೇಳಿದ್ದೆ ಅಮ್ಮಂಗೆ?" ಎಂದು ಆರ್ಸೆನಿಯೊ ಕೂತಲ್ಲಿಂದಲೇ ಕೇಳಿದ.

"ಆಕ್ಟೋಪಸ್ಸಿಗೆ ಮೂರು ಹೃದಯ ಅಂತ ಹೇಳಿದ್ದೆ, ಭಾವ."

ಆರ್ಸೆನಿಯೊ ಈಗ ಅವನ ಕಡೆ ತಿರುಗಿದ. "ಅದನ್ನ ಕೇಳಿಯೇ ಜೀವ ಬಿಟ್ಟಿರಬೇಕು," ಎಂದ.

ಇಷ್ಟೆಲ್ಲ ಆಗುವಾಗ ಪೆಟ್ಟಿಗೆಯ ತಲೆಯ ಬಳಿ ಬೆತ್ತದ ಕುರ್ಚಿಯಲ್ಲಿ ಮನೆಯ ಯಜಮಾನ ಕೂತಿದ್ದ. ಮಕ್ಕಳು ತಾತಾಯ್ ಎಂದು ಕರೆಯುವ ಅಪ್ಪ ಉರ್ಬಾನೊ, ಸತ್ತವಳ ಗಂಡ. ದೋಣಿಯ ಎಂಜಿನ್ನಿನ ಪಕ್ಕ ವಯಸ್ಸು ಕಳೆದು ಅವನ ಕಿವಿ ಪೂರ್ತಿ ಕೆಟ್ಟಿತ್ತು. ಹೆಂಡತಿಯ ತುಟಿಯನ್ನು ಮಾತ್ರ ಓದಬಲ್ಲವನಾಗಿದ್ದ, ಮಿಕ್ಕವರು ಅವನ ಕಿವಿಗೆ ಬಾಯಿಟ್ಟು ಕೂಗಬೇಕಿತ್ತು. ಅವಳು ಹೋದಂದಿನಿಂದ ಅವನು ತುತ್ತು ಮುಟ್ಟಿರಲಿಲ್ಲ. ಜನ ಯಾಕೆ ಹೀಗೆ ಸಾಲುಗಟ್ಟಿ ಬಂದು ಬಾಗುತ್ತಿದ್ದಾರೆಂದು ಬೆಳಿಗ್ಗೆ ಅವನು ಕೈಸನ್ನೆಯಲ್ಲಿ ಕೇಳಿದಾಗ ತಿನಾಯ್ ಅವನ ಕಿವಿಯಲ್ಲಿ ಕೂಗಿದ್ದಳು: "ಕ್ಲಾರಿಂಗ್‌ಗೆ ಕೊನೇವರೆಗೂ ಎಲ್ಲ ಕೇಳಿಸ್ತಿತ್ತಂತೆ."

ಮುದುಕ ಪೆಟ್ಟಿಗೆಯ ಗಾಜಿನ ಮೇಲೆ ಅಂಗೈ ಇಟ್ಟಿದ್ದ. ಆಮೇಲೆ ಕೋಳಿ ಹಾಕಿದ ಗಂಜಿ ಕೇಳಿದ್ದ. ಈ ಗದ್ದಲದಲ್ಲಿ ಅದು ಯಾರ ಗಮನಕ್ಕೂ ಬರಲಿಲ್ಲ. ಬಟ್ಟಲು ತಂದುಕೊಟ್ಟವನು ಮೆಲೆಸಿಯೊ. ಮಾವ ನಿಧಾನವಾಗಿ, ಕೋಳಿಯ ಮೂಳೆ ಕೂಡ ಬಿಡದೆ ತಿಂದದ್ದನ್ನು ಅವನೊಬ್ಬನೇ ನೋಡಿದ.

ಪಾದ್ರಿ ಬಂದರು. ಬ್ಯಾಂಡಿನವರು ಬಂದು ಬಿಸಿಲಲ್ಲಿ ನಿಂತರು. ಪೆಟ್ಟಿಗೆ ಎತ್ತಲು ಮಾತ್ರ ಯಾರೂ ಏಳಲಿಲ್ಲ. ವಿಷಯ ತಿಳಿದ ಪಾದ್ರಿ ಮೆಲೆಸಿಯೊನನ್ನು ಕರೆದರು.

"ನೀನು ಹೇಳಿದ್ದು ನಿಜವೇನಪ್ಪ?"

"ರೇಡಿಯೋದಲ್ಲಿ ಹೇಳಿದ್ದು, ಫಾದರ್. ಕೆಲವು ರೋಗಿಗಳನ್ನ ಪರೀಕ್ಷೆ ಮಾಡಿ ನೋಡಿದ್ರಂತೆ. ಎಲ್ಲರಿಗೂ ಹಾಗೇ ಆಗುತ್ತೆ ಅಂತ ಅವರೂ ಹೇಳ್ಲಿಲ್ಲ."

"ಹಾಗಾದರೆ ಅಷ್ಟನ್ನೇ ಹೇಳು ಇವರಿಗೆ. ಖಚಿತವಾಗಿ ಯಾರಿಗೂ ಗೊತ್ತಿಲ್ಲ ಅಂತ."

"ಅರ್ಧಂಬರ್ಧ ಹೇಳಿದ್ರೆ ಆಗಲ್ಲ, ಫಾದರ್," ಎಂದಳು ಕೋಣೆಯಿಂದ ಹೊರಬಂದ ನೆನಿತಾ. ಗಂಡನನ್ನು ತೊಟ್ಟಿಯ ಹಿಂದಕ್ಕೆ ಎಳೆದುಕೊಂಡು ಹೋದಳು. ಕೋಪಕ್ಕಿಂತ ಹೆಚ್ಚಾಗಿ ಭಯವಿತ್ತು ಅವಳ ಮುಖದಲ್ಲಿ. "ನೋಡು, ಅಮ್ಮ ಅದನ್ನೆಲ್ಲ ಕೇಳ್ತಾನೇ ಪ್ರಾಣ ಬಿಟ್ಲು ಅಂದ್ಕೊಂಡು ನಾನು ಬದುಕೋಕಾಗಲ್ಲ. ನಮ್ಮಣ್ಣನಿಗೂ ಆಗಲ್ಲ. ಸುಳ್ಳು ಅಂತ ಹೇಳ್ಬಿಡು. ಇನ್ಮೇಲೆ ನೀನು ದಿನಾ ಏನು ಬೇಕಾದ್ರೂ ಹೇಳು, ಕೇಳ್ತೀನಿ."

ಮೆಲೆಸಿಯೊ ಅದುವರೆಗೆ ತಿಳಿದೂ ತಿಳಿದೂ ತಪ್ಪು ಸಂಗತಿ ಹೇಳಿದವನಲ್ಲ. ಅವನಿಗಿದ್ದದ್ದು ಅದೊಂದೇ ಹೆಮ್ಮೆ. ಹೆಂಡತಿ ಅವನ ತೋಳು ಬಿಡಲಿಲ್ಲ. ಅವನು ಕೋಣೆಯ ನಡುವೆ ಬಂದು ನಿಂತು ಗಂಟಲು ಸರಿಮಾಡಿಕೊಂಡ.

"ನಾನು ತಪ್ಪು ಕೇಳಿಸ್ಕೊಂಡೆ," ಎಂದ. "ಯಂತ್ರದ ಸದ್ದು ಜಾಸ್ತಿ ಇತ್ತು. ಅವರು ಹೇಳಿದ್ದು ಮನುಷ್ಯರ ವಿಷಯ ಅಲ್ಲ. ಮೀನಿನ ವಿಷಯ."

ಮನೆಯೆಲ್ಲ ಒಂದೇ ಉಸಿರು ಬಿಟ್ಟಿತು. "ನಾನಾಗ್ಲೇ ಅಂದ್ಕೊಂಡೆ, ಮೀನಿನದೇ ಇರ್ಬೇಕು ಅಂತ," ಎಂದಳು ತಿನಾಯ್. ಆರ್ಸೆನಿಯೊ ಅಂಗಳದಿಂದ ಎದ್ದು ಬಂದ. ಪುರಿಂಗ್ ಕಣ್ಣೊರೆಸಿಕೊಂಡು ತಂಗಿಯ ಕಡೆ ಒಂದು ಬಿಸ್ಕತ್ತಿನ ತಟ್ಟೆ ದೂಡಿದಳು. ಐದು ನಿಮಿಷದ ಮಟ್ಟಿಗೆ ಎಲ್ಲ ಸರಿಹೋದಂತೆ ಕಂಡಿತು.

ಮುದುಕನಿಗೆ ಇದೊಂದೂ ಕೇಳಿಸಿರಲಿಲ್ಲ. ಒಮ್ಮೆಲೇ ಹಗುರಾದ ಮುಖಗಳನ್ನು ನೋಡಿ ಅವನು ಏನೆಂದು ತಿನಾಯಳನ್ನು ಸನ್ನೆಯಲ್ಲಿ ಕೇಳಿದ. ಅವಳು ಅವನ ಕಿವಿಗೆ ಬಾಯಿಟ್ಟು, ಒಳ್ಳೆಯ ಸುದ್ದಿ ಕೊಡುವವಳಂತೆ ಕೂಗಿದಳು: "ಅದು ಸುಳ್ಳಂತೆ. ಅವಳಿಗೆ ಏನೂ ಕೇಳಿಸ್ತಿರಲಿಲ್ಲವಂತೆ."

ಎರಡನೆಯ ಬಟ್ಟಲು ಗಂಜಿ ಆಗ ಅವನ ಕೈಯಲ್ಲಿತ್ತು. ಅವನು ಅದನ್ನು ಮೆಲ್ಲನೆ ಕೆಳಗಿಟ್ಟ. ಗಾಜಿನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ ಕೂತ.

ಮೆಲೆಸಿಯೊ ಅದನ್ನು ನೋಡಿದ. ನೋಡಬಾರದಿತ್ತು. ಮಾವನ ಮುಂದೆ ಮಂಡಿಯೂರಿ ಕೂತು, ಯಾರಿಗೂ ತಿಳಿಯದಂತೆ, ತನ್ನ ಕಿವಿ ಮುಟ್ಟಿ ತೋರಿಸಿ, ಪೆಟ್ಟಿಗೆಯ ಕಡೆ ಬೆರಳು ಮಾಡಿ, ಹೌದೆಂದು ತಲೆಯಾಡಿಸಿದ.

"ಕಿವಿ ನೋಯ್ತಿದ್ಯಾ?" ಎಂದ ಮುದುಕ.

ಮೆಲೆಸಿಯೊ ಮತ್ತೆ ಕಿವಿ ಮುಟ್ಟಿ, ಮತ್ತೆ ಬೆರಳು ಮಾಡಿದ.

"ಬೆಚ್ಚಗೆ ಎಣ್ಣೆ ಬಿಟ್ಕೋ," ಎಂದು ಮುದುಕ ಮುಖ ತಿರುಗಿಸಿದ. ಎರಡು ಹನಿ ಅವನ ಮಡಿಲಿಗೆ ಬಿದ್ದವು.

ಮೆಲೆಸಿಯೊ ಹಿಂತಿರುಗಿ ನೋಡಿದ. ಆರ್ಸೆನಿಯೊ ಪೆಟ್ಟಿಗೆಯ ಹಿಡಿಗೆ ಕೈಹಾಕುತ್ತಿದ್ದ. ಬಾಗಿಲಲ್ಲಿ ನೆನಿತಾ, ಗಂಡನ ಮೇಲೆ ಬಹಳ ದಿನದ ಮೇಲೆ ಮೆಚ್ಚುಗೆಯ ಕಣ್ಣಿಟ್ಟು ನಿಂತಿದ್ದಳು. ಅವನು ಮಾವನ ಕಿವಿಗೆ ಬಾಯಿಟ್ಟ.

"ಅವರಿಗೆ ಕೇಳಿಸ್ತಿತ್ತು, ತಾತಾಯ್," ಎಂದು ಕೂಗಿದ. "ಮೀನಿನ ವಿಷಯ ಅಂದದ್ದು ಸುಳ್ಳು."

ಬ್ಯಾಂಡಿನವರು ಕೂಡ ಒಳಗೆ ಇಣುಕಿದರು.

ಆರ್ಸೆನಿಯೊನ ಕೈ ಹಿಡಿಯಿಂದ ಸರಿಯಿತು. ಯಾರಾದರೂ ಏನಾದರೂ ಅನ್ನುವ ಮೊದಲೇ ಮುದುಕ ಮಾತಾಡಿದ. ಕಿವಿ ಕೇಳದವರ ಎತ್ತರದ ದನಿ ಅವನದು. ಅದು ಓಣಿಯ ಕೊನೆಯ ಮನೆಗೂ ಮುಟ್ಟುವಂತಿತ್ತು.

"ನಿಜವಾಗ್ಲೂ ಕೇಳಿಸ್ತಿತ್ತಾ? ಹಾಗಾದ್ರೆ ನಾನು ಹೇಳಿದ್ದೂ ಕೇಳಿಸಿರುತ್ತೆ. ಕ್ಲಾರಿಂಗ್, ಹೆದರಬೇಡ ಅಂದೆ. ಮೂವರು ಮಕ್ಕಳೂ ನಿನ್ನ ಮಂಚದ ಸುತ್ತ ನಿಂತು ಪ್ರಾರ್ಥನೆ ಮಾಡ್ತಿದ್ದಾರೆ ಅಂದೆ. ನಂಗೆ ಕೇಳಿಸಲ್ಲ, ಆದ್ರೆ ತುಟಿ ಆಡೋದು ಕಾಣ್ತಿದೆ. ಆಗ್ಲಿಂದ ಒಬ್ಬರೂ ಬಾಯಿ ನಿಲ್ಸಿಲ್ಲ. ಇಂಥ ಮಕ್ಕಳನ್ನ ಪಡೆದೆವಲ್ಲ, ನೆಮ್ಮದಿಯಾಗಿ ಹೋಗು ಅಂದೆ."

ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಪಾದ್ರಿ ಪುಸ್ತಕದ ಹಾಳೆ ತಿರುವಿದರು. ಮುದುಕ ಕೆಳಗಿಟ್ಟಿದ್ದ ಬಟ್ಟಲನ್ನು ಎತ್ತಿಕೊಂಡು ಉಳಿದ ಗಂಜಿ ಕುಡಿದ. ಅವನು ಬಾಯಿ ಒರೆಸಿಕೊಳ್ಳುವ ಹೊತ್ತಿಗೆ ಆರ್ಸೆನಿಯೊ ಮರಳಿ ಪೆಟ್ಟಿಗೆಯ ಹಿಡಿಗೆ ಕೈಹಾಕಿದ್ದ. ಪುರಿಂಗ್ ಗಂಡನನ್ನು ಮುಂದಕ್ಕೆ ತಳ್ಳಿ ತಾನೂ ಒಂದು ಮೂಲೆ ಹಿಡಿದಳು. ನೆನಿತಾ ಅವಳ ಎದುರಿನ ಮೂಲೆ ಹಿಡಿದಳು. ಮೆಲೆಸಿಯೊ ತಾನೂ ಕೈಕೊಡಲು ಹೋದ.

"ನೀನು ದೂರ ಇರು," ಎಂದಳು ನೆನಿತಾ. ದನಿ ಮಂಜುಗಡ್ಡೆಯಷ್ಟು ತಣ್ಣಗಿತ್ತು.

ಸ್ಮಶಾನದ ದಾರಿಯುದ್ದಕ್ಕೂ ಮೆಲೆಸಿಯೊನ ಪಕ್ಕ ನಡೆದವನು ಮುದುಕನೊಬ್ಬನೇ. ಅಳಿಯನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಪೆಟ್ಟಿಗೆಯ ಬೆನ್ನಿಗೇ ಹೆಜ್ಜೆ ಹಾಕುತ್ತಿದ್ದ. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ.

"ಕೇಳಿಸ್ತಿತ್ತು ಅಲ್ವೇನೋ ಮೆಲೆಸಿಯೊ?"

"ಹೂಂ, ತಾತಾಯ್."

"ಏನಂದೆ?"

ಮೆಲೆಸಿಯೊ ಪೆಟ್ಟಿಗೆ ಹೊತ್ತು ಮುಂದೆ ಹೋಗುತ್ತಿದ್ದ ಮೂವರು ಮಕ್ಕಳ ಬೆನ್ನುಗಳನ್ನು ನೋಡಿದ. ಬ್ಯಾಂಡು ಆ ಹೊತ್ತಿಗೆ ಸರಿಯಾಗಿ ಉಸಿರು ತೆಗೆದುಕೊಳ್ಳಲು ನಿಂತಿತು. ಮುದುಕ ಕಿವಿಯನ್ನು ಅವನ ಬಾಯಿಯ ಹತ್ತಿರ ತಂದು ಕಾದ.

"ಕೇಳಿಸ್ತಿತ್ತು," ಎಂದು ಮೆಲೆಸಿಯೊ ಕೂಗಿದ. "ಒಂದೊಂದು ಮಾತೂ ಕೇಳಿಸ್ತಿತ್ತು."

ಮೂರು ಬೆನ್ನುಗಳೂ ಒಟ್ಟಿಗೇ ಕುಗ್ಗಿದವು. ಸ್ಮಶಾನ ಇನ್ನೂ ದೂರವಿತ್ತು.