ಮುಂದಿನ ಸೀಟಿಗೆ ಇಬ್ಬರು ಬೀಗತಿಯರು

ಭಾಗವ್ವ: ಐವತ್ತೆರಡು ಕಿಲೋ ಅಂತ ಬರ್ಕೊ ತಮ್ಮಾ.

ಧನರಾಜ್: ಹಾಗೆ ಬಾಯಲ್ಲಿ ಹೇಳಿದ್ದು ಬರೀಲಿಕ್ಕೆ ಆಗುದಿಲ್ಲ ಅಕ್ಕ. ಕಾಟಾದ ಮೇಲೆ ನಿಲ್ಲಬೇಕು.

ಬಸಲಿಂಗವ್ವ: ನಿಲ್ಲಸ್ರಿ, ನಿಲ್ಲಸ್ರಿ! ಐವತ್ತೆರಡಂತ! ಬರೇ ಸೊಂಟದ ಮ್ಯಾಲಿಂದ ಹೇಳಾಕತ್ತಾರ.

ಮುಂಬಯಿ ವಿಮಾನ ನಿಲ್ದಾಣದ ತೀರಾ ಮೂಲೆಯಲ್ಲಿ, ಶೌಚಾಲಯದ ಬೋರ್ಡಿನ ಕೆಳಗೆ, ಸುಪ್ರಭಾತ ಏರ್‌ಲೈನ್ಸ್‌ನ ಒಂದೇ ಒಂದು ಕೌಂಟರ್. ಅದರ ಹಿಂದೆ ನಿಂತವನು ಉಡುಪಿ ಕಡೆಯ ಧನರಾಜ್. ಟಿಕೆಟ್ ನೋಡುವವನೂ ಅವನೇ, ಬ್ಯಾಗು ಎತ್ತುವವನೂ ಅವನೇ, ಮೈಕಿನಲ್ಲಿ ಕೂಗುವವನೂ ಅವನೇ. ಎದುರಿಗೆ ಇಬ್ಬರು ಬೀಗತಿಯರು. ಜೋಗೇಶ್ವರಿಯ ಭಾಗವ್ವ ಹೆಣ್ಣಿನ ತಾಯಿ, ಗೋರೆಗಾಂವ್‌ನ ಬಸಲಿಂಗವ್ವ ಗಂಡಿನ ತಾಯಿ.

ನಿನ್ನೆ ಸಂಜೆ ಬೆಳಗಾವಿಯಲ್ಲಿ ಭಾಗವ್ವನ ಮಗಳು ದಾನೇಶ್ವರಿಗೆ, ಡಾಕ್ಟರು ಹೇಳಿದ್ದಕ್ಕಿಂತ ಎಂಟು ದಿನ ಮೊದಲೇ, ಹೆಣ್ಣು ಕೂಸು ಹುಟ್ಟಿತ್ತು. ಯಾವ ಅಜ್ಜಿ ಮೊದಲು ಎತ್ತಿಕೊಳ್ಳುತ್ತಾಳೋ ಕೂಸಿಗೆ ಅವಳ ಗುಣವೇ ಬರುತ್ತದೆ ಎಂದು ಇಬ್ಬರೂ ಗಟ್ಟಿಯಾಗಿ ನಂಬಿದವರು. ಆದ್ದರಿಂದ ಒಬ್ಬರಿಗೊಬ್ಬರು ಹೇಳದೆ ಟಿಕೆಟ್ ಮಾಡಿಸಿ, ಬೆಳಗ್ಗೆ ಒಂಬತ್ತೂವರೆಗೆ ಇಲ್ಲಿ ಮುಖಾಮುಖಿಯಾಗಿದ್ದರು. ಇಷ್ಟು ಒಗ್ಗಟ್ಟಿನ ಬೀಗತನ ಎಲ್ಲಿ ಸಿಗಬೇಕು ಹೇಳಿ!

ಭಾಗವ್ವ: ಮೊಣಕಾಲ ನೋವು, ಏಳಾಕ ಆಗವಲ್ದು ಅಂದಿದ್ರೆಲ್ರಿ ಫೋನ್‌ನ್ಯಾಗ?

ಬಸಲಿಂಗವ್ವ: ಎಣ್ಣಿ ತಿಕ್ಕಿದೆ, ಹೋತು. ನೀವು ಶನಿವಾರ ರೈಲಿಗೆ ಹೊಂಟಿದ್ರೆಲ್ರಿ?

ಭಾಗವ್ವ: ರೈಲ್ ಲೇಟಂತ.

ಬಸಲಿಂಗವ್ವ: ಇವತ್ತ ಇನ್ನಾ ಮಂಗಳವಾರ ರೀ!

ಭಾಗವ್ವ: ಅಷ್ಟ ಲೇಟ್.

ಧನರಾಜ್: ಅಕ್ಕ, ತೂಕ! ಹತ್ತೂಕಾಲಿಗೆ ವಿಮಾನ ಏಳಬೇಕು.

ಬಸಲಿಂಗವ್ವ: ನಂದು ಐವತ್ತು. ಮೊದಲನೇ ಸಾಲಿನ ಸೀಟು ಕೊಡು.

ಭಾಗವ್ವ: ಅಯ್ಯ, ಮೊದಲನೇ ಸಾಲು ನಾ ಕೇಳೀನಿ!

ಧನರಾಜ್: ಮೊದಲನೇ ಸಾಲಿನಲ್ಲಿ ಇರುದೇ ಒಂದು ಸೀಟು. ಮತ್ತೆ ಎಲ್ಲಿ ಕೂತರೂ ವಿಮಾನ ಒಟ್ಟಿಗೇ ಬೆಳಗಾವಿಗೆ ಮುಟ್ಟುದು ಮಾರಾಯ್ರೆ.

ಬಸಲಿಂಗವ್ವ: ಮುಟ್ಟೂದು ಒಟ್ಟಿಗೆ. ಇಳಿಯೂದು? ಲಗ್ನದ ಬಸ್ಸಿನ್ಯಾಗ ಮುಂದ ಕುಂತಾವ್ರು ಮೊದಲ ಇಳದು ಮೊದಲ ಊಟಕ್ಕ ಕುಂಡ್ರೂದು ನಾ ನೋಡಿಲ್ಲೇನು? ಒಂದ ಸೀಟು ಅಂದ್ರ ಎಂಥಾ ವಿಮಾನ ಇದು? ಇನ್ನೊಂದು ಎಲ್ಲಿ ಹೋತು?

ಧನರಾಜ್: ಅದನ್ನು ತೆಗೆದು ಕಾಫಿ ಬಾಯ್ಲರ್ ಇಟ್ಟದ್ದು.

ಬಸಲಿಂಗವ್ವ: ಯಾವ ಶಾಣ್ಯಾ?

ಧನರಾಜ್‌ನ ಎದೆ ಸ್ವಲ್ಪ ಮುಂದೆ ಬಂತು. ಕಂಪನಿಯ ಚರಿತ್ರೆ ಕೇಳಿದವರು ಹನ್ನೆರಡು ವರ್ಷದಲ್ಲಿ ಇವರೇ ಮೊದಲು. ಬೈದು ಕೇಳಿದರೂ ಕೇಳಿದ್ದು ಕೇಳಿದ್ದೇ.

ಧನರಾಜ್: ನಮ್ಮ ರಮಾನಾಥ ಧಣಿಗಳು. ಬಾಂದ್ರಾದಲ್ಲಿ ಸುಪ್ರಭಾತ ಲಂಚ್ ಹೋಮ್ ಉಂಟಲ್ಲ, ಅವರದ್ದೇ. ನಾನು ಅಲ್ಲಿ ಕ್ಯಾಶಿಯರ್ ಇದ್ದವ. ಬೆಳಗಾವಿಯ ಒಬ್ಬರು ಗಿರಾಕಿ ಬೆಳಗ್ಗೆ ಬೆಳಗ್ಗೆ ಬಂದು, ರಾತ್ರಿಯೆಲ್ಲ ಬಸ್ಸಲ್ಲಿ ಕೂತು ಸೊಂಟ ಹೋಯ್ತು ಅಂತ ಅಳ್ತಿದ್ರು. ಧಣಿಗಳಿಗೆ ಗಿರಾಕಿ ಅಳುದು ನೋಡ್ಲಿಕ್ಕೆ ಆಗುದಿಲ್ಲ. ಇಡ್ಲಿ ಕೊಟ್ರು, ಅಳು ನಿಲ್ಲಲಿಲ್ಲ. ಮಸಾಲೆ ದೋಸೆ ಕೊಟ್ರು, ನಿಲ್ಲಲಿಲ್ಲ. ಕೊನೆಗೆ ವಿಮಾನ ತಗೊಂಡ್ರು.

ಭಾಗವ್ವ: ಒಂದೇನು?

ಧನರಾಜ್: ಮೂರು! ಒಂದು ಕಂತು ಕಟ್ಟದೆ ವಾಪಸ್ ಹೋಯ್ತು. ಒಂದನ್ನು ಬಿಚ್ಚಿ ಅದರ ಪಾರ್ಟ್ಸ್ ಎಲ್ಲ ಇದಕ್ಕೆ ಹಾಕಿದ್ದು.

ಬಸಲಿಂಗವ್ವ: ಅಂದ್ರ ಈಗ ನಾವು ಹತ್ತೂದು ಎರಡ ವಿಮಾನ ಅನ್ನು.

ಧನರಾಜ್: ಹೋಟೆಲಿನ ಹಾಗೆ ಒಂದು ಸೀಟಿಗೆ ಇಬ್ಬರನ್ನು ಶೇರಿಂಗಲ್ಲಿ ಕೂರಿಸುವಾ ಅಂತಲೂ ಧಣಿಗಳಿಗೆ ಇತ್ತು. ಸರಕಾರದವರು ಬಿಡಲಿಲ್ಲ.

ಬಸಲಿಂಗವ್ವ: ಬಿಟ್ಟಿದ್ರ ನಾ ಬೀಗತಿ ತೊಡಿ ಮ್ಯಾಲೆ ಕುಂಡ್ರತಿದ್ನಿ. ಈಗ ಆ ಸೀಟು ಯಾರಿಗೆ, ಅದನ್ನ ಹೇಳು.

ಧನರಾಜ್: ಅದು ನನ್ನ ಕೈಯಲ್ಲಿ ಇಲ್ಲ, ತೂಕದ ಕೈಯಲ್ಲಿ ಉಂಟು. ಸಣ್ಣ ವಿಮಾನ. ಹಿಂದಿನ ಡಿಕ್ಕಿ ತುಂಬ ನಿಮ್ಮಿಬ್ಬರದ್ದೇ ಅಂಟಿನುಂಡಿ ಡಬ್ಬ. ಬಾಣಂತಿ ಒಬ್ಬಳೇ, ಉಂಡಿ ಒಂದು ಊರಿಗೆ ಆಗುವಷ್ಟು! ಹಿಂದೆ ಭಾರ ಆಯ್ತಲ್ಲ, ಹಾಗಾಗಿ ಮುಂದಿನ ಸೀಟಿಗೆ ಇಬ್ಬರಲ್ಲಿ ಜಾಸ್ತಿ ತೂಕ ಇದ್ದವರೇ ಬೇಕು.

ಇಬ್ಬರೂ ಒಬ್ಬರನ್ನೊಬ್ಬರು ಅಡಿಯಿಂದ ಮುಡಿವರೆಗೆ ಅಳೆದರು.

ಭಾಗವ್ವ: ತಮ್ಮಾ, ಐವತ್ತೆರಡು ತಪ್ಪ ಹೇಳಿದ್ನಿ. ಅದು ಲಗ್ನದಾಗಿಂದು. ಅರವತ್ತೈದು ಬರ್ಕೊ.

ಬಸಲಿಂಗವ್ವ: ನಂದು ಎಪ್ಪತ್ತು.

ಭಾಗವ್ವ: ಈಗರೆ ಐವತ್ತು ಅಂದ್ರಿ!

ಬಸಲಿಂಗವ್ವ: ಮುಂಜಾನೆ ನಾಷ್ಟಾ ಮಾಡೀನ್ರೀ.

ಭಾಗವ್ವ: ಹಂಗಾರ ನಂದು ಎಪ್ಪತ್ತೆಂಟು.

ಬಸಲಿಂಗವ್ವ: ಎಂಬತ್ತೈದು! ನೋಡಿಲ್ಲೆ, ತೋಳು ನೋಡು. ಇದೊಂದ ಹತ್ತು ಕಿಲೋ ಐತಿ.

ಭಾಗವ್ವ: ತೊಂಬತ್ತು. ನಮ್ಮ ಚಾಳದಾಗ ನಾ ಮೆಟ್ಟಲಾ ಹತ್ತಿದ್ರ ಕೆಳಗಿನ ಮನಿಯಾವ್ರು ಹೊರಗ ಬರತಾರ.

ಧನರಾಜ್: ಅರೆ ಬಾಬಾ, ಇದು ಲಿಲಾವಾ? ಇನ್ನು ಹತ್ತು ಕಿಲೋ ಏರಿಸಿದ್ರೆ ನಿಮ್ಮಿಬ್ಬರಿಗೂ ಲೇಬಲ್ ಅಂಟಿಸಿ ಡಿಕ್ಕಿಗೇ ಹಾಕ್ತೇನೆ!

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ವಿಮಾನದಲ್ಲಿ ಕೂತಿದ್ದ ಪೈಲಟ್ ಯಕ್ಷಿತಾ. ಅವಳ ದನಿ ಫೋನಿನಿಂದ ಹೊರಗೂ ಕೇಳುತ್ತಿತ್ತು.

ಯಕ್ಷಿತಾ: ಧನ್‌ರಾಜ್, ಕ್ಯಾ ಚಲ್ ರಹಾ ಹೈ? ಟೆನ್ ಮಿನಿಟ್ಸ್ ಮಾತ್ರ ಇದೆ. ಟೇಕಾಫ್ ಸ್ಲಾಟ್ ಹೋದ್ರೆ ನೆಕ್ಸ್ಟ್ ಫ್ಲೈಟ್ ಗುರುವಾರ, ಹೇಳು ಅವರಿಗೆ!

ಗುರುವಾರ! ಗುರುವಾರದವರೆಗೆ ಕೂಸನ್ನು ಆಸ್ಪತ್ರೆಯ ನರ್ಸು, ಪಕ್ಕದ ಮಂಚದವರು, ಯಾರು ಯಾರು ಎತ್ತಿಕೊಂಡುಬಿಡುತ್ತಾರೋ. ಇಬ್ಬರ ಮುಖವೂ ಬಾಡಿತು. ನಿಜವಾಗಿಯೂ ಹೆದರಿದರು, ಪಾಪ.

ಭಾಗವ್ವ: ಇಡಪ್ಪಾ ನಿನ್ನ ಕಾಟಾ.

ಭಾಗವ್ವ ಚಪ್ಪಲಿ ಬಿಟ್ಟಳು, ಕೈಚೀಲ ಕೆಳಗಿಟ್ಟಳು, ಶಾಲು ತೆಗೆದು ಮಡಚಿ ಅದರ ಮೇಲಿಟ್ಟಳು. ಆಮೇಲೆ ದೇವರ ಮನೆ ಹೊಸ್ತಿಲು ದಾಟುವವಳಂತೆ ಮೆಲ್ಲಗೆ ಕಾಟಾ ಹತ್ತಿದಳು. ಅರವತ್ತೆಂಟು. ಬಸಲಿಂಗವ್ವ ಚಪ್ಪಲಿ ಸಮೇತ, ಕೈಚೀಲ ಸಮೇತ, ನೀರಿನ ಬಾಟಲಿ ಸಮೇತ, ಉಸಿರು ಒಳಗೆಳೆದುಕೊಂಡು ಹತ್ತಿದಳು. ಎಪ್ಪತ್ತನಾಲ್ಕು.

ಬಸಲಿಂಗವ್ವ: ಎಪ್ಪತ್ತನಾಲ್ಕು! ಕೇಳಿದ್ರೇನ್ರಿ? ಜೋರಾಗಿ ಹೇಳ ತಮ್ಮಾ, ಮೈಕಿನ್ಯಾಗ ಹೇಳು!

ಧನರಾಜ್: ಬೋರ್ಡಿಂಗ್ ಪಾಸ್ ತಗೊಳ್ಳಿ ಅಕ್ಕ. ಮೊದಲನೇ ಸಾಲು. ಓಡಿ.

ಬಸಲಿಂಗವ್ವ: ಬರತೀನ್ರಿ ಬೀಗತಿ. ಕೂಸಿಗೆ ನೀವು ಬರಾಕತ್ತೀರಿ ಅಂತ ಹೇಳಿರತೀನಿ.

ಮೊಣಕಾಲು ನೋವು ಎಂಬುದೇ ಈ ಲೋಕದಲ್ಲಿ ಇಲ್ಲವೇನೋ ಎಂಬಂತೆ ಆಕೆ ನಡೆದುಹೋದಳು. ಭಾಗವ್ವ ಚಪ್ಪಲಿ ಮೆಟ್ಟಿಕೊಳ್ಳುತ್ತ ಅಲ್ಲೇ ಉಳಿದಳು. ಧನರಾಜ್ ಕೌಂಟರಿನಿಂದ ಹೊರಗೆ ಬಂದು ಅವಳ ಕೈಚೀಲ ಎತ್ತಿಕೊಟ್ಟ.

ಧನರಾಜ್: ಬೇಜಾರು ಮಾಡ್ಬೇಡಿ ಅಕ್ಕ. ನಿಮಗೆ ಕೊನೇ ಸೀಟು. ಒಂದು ಗುಟ್ಟು ಹೇಳ್ತೇನೆ, ಈ ವಿಮಾನಕ್ಕೆ ಹತ್ತಲಿಕ್ಕೂ ಇಳಿಲಿಕ್ಕೂ ಇರುದು ಹಿಂದೆ ಒಂದೇ ಬಾಗಿಲು. ಬೆಳಗಾವಿಯಲ್ಲಿ ಎಲ್ಲರಿಗಿಂತ ಮೊದಲು ಇಳಿಯುದು ನೀವೇ. ಮೊದಲನೇ ಸಾಲಿನವರು ಕಡೆಗೆ.

ಭಾಗವ್ವ: ಗೊತ್ತೈತಿ ತಮ್ಮಾ. ಮಗಳು ಬಸರಿದ್ದಾಗ ಕುಬಸಕ್ಕ ಇದರಾಗ ಹೋಗಿದ್ನಿ.

ಧನರಾಜ್: ಗೊತ್ತುಂಟಾ? ಮತ್ತೆ ಎಂತಕ್ಕೆ ಮುಂದಿನ ಸೀಟಿಗೆ ಇಷ್ಟು ಹೊತ್ತು ಜಗಳ ಮಾಡಿದ್ದು?

ಭಾಗವ್ವ: ನಾ ಹಿಂದಿಂದ ಕೊಡು ಅಂದಿದ್ರ ಬೀಗತಿ ಅದನ್ನೂ ಬಿಡತಿದ್ದಿಲ್ಲಪ್ಪಾ. ಈಗ ನೀನ ಹೇಳು, ಆ ಕೂಸಿಗೆ ಯಾರ ಗುಣ ಬಂದ್ರ ಚಲೋ?