ಎರಡೂವರೆ ಅಡಿಯ ಹೆಜ್ಜೆ

ಹೋದ ವರ್ಷ ಶಿಕಾರಿಪುರ ಉದ್ದವಾಯಿತು. ಹೊಸ ಬಡಾವಣೆ ಬಂತು, ಜನ ಹೆಚ್ಚಾದರು ಅನ್ನುವ ಅರ್ಥದಲ್ಲಿ ಹೇಳುತ್ತಿಲ್ಲ. ಇದ್ದ ಊರು ಇದ್ದ ಜಾಗದಲ್ಲೇ ಹಿಗ್ಗಿತು! ನಂಬಿಕೆ ಬರಲಿಲ್ಲವೇ? ನಮ್ಮ ದೊಡ್ಡಪ್ಪನನ್ನು ಕೇಳಿ ನೋಡಿ. ಅವರ ಮನೆ ಬಾಗಿಲಿನಿಂದ ಕೆರೆ ಏರಿಯ ಬುಡಕ್ಕೆ ಮೊದಲಿನಿಂದಲೂ ಐನೂರ ಇಪ್ಪತ್ತು ಹೆಜ್ಜೆ. ಹೋದ ವರ್ಷ ಒಂದು ಬೆಳಿಗ್ಗೆ, ಬಹಳ ದಿನದ ಮೇಲೆ ಅತ್ತ ನಡೆದಾಗ, ಅದು ಏಳುನೂರ ನಲವತ್ತಾಗಿತ್ತು.

ಇಂಥ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ದೊಡ್ಡಪ್ಪ ರಿಟೈರಾದ ಸರ್ವೆಯರು. ಸರಪಳಿ ಹಿಡಿದು ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನ ಹೊಲ ಗದ್ದೆಗಳನ್ನು ಅಳೆದವರು. ಬೆಳಿಗ್ಗೆ ಈಸೂರು, ಮಧ್ಯಾಹ್ನ ತಾಳಗುಂದ, ಎಲ್ಲಾ ಕಾಲ್ನಡಿಗೆಯಲ್ಲೇ. ಅವರ ಒಂದು ಹೆಜ್ಜೆ ಎಂದರೆ ಎರಡೂವರೆ ಅಡಿ. ಎರಡೂವರೆ ಎಂದರೆ ಎರಡೂವರೆಯೇ! "ಟೇಪು ಬಿಸಿಲಿಗೆ ಹಿಗ್ಗತೈತಿ, ನನ್ನ ಹೆಜ್ಜೆ ಹಿಗ್ಗಂಗಿಲ್ಲ" ಎನ್ನುವುದು ಅವರ ಖಾಯಂ ಮಾತು.

ಈ ಹೆಜ್ಜೆಯ ಕಾಟ ಇಡೀ ಬಳಗಕ್ಕೇ ಇತ್ತು. ಜಡೆಯಲ್ಲಿ ನೆಂಟರ ಮದುವೆಗೆ ಹೋದಾಗ ಊಟದ ಚಪ್ಪರವನ್ನು ಉದ್ದಕ್ಕೂ ಅಡ್ಡಕ್ಕೂ ನಡೆದು, "ಸಾಲು ಸ್ವಲ್ಪ ಒತ್ತಿ ಹಾಕ್ರಪ್ಪಾ, ಇನ್ನೂ ಎಂಟೆಲಿ ಹಿಡಸ್ತಾವ" ಎಂದು ಕೂತವರನ್ನೆಲ್ಲ ಎಬ್ಬಿಸಿದ್ದರು. ನನ್ನ ಮದುವೆ ಮಾತುಕತೆಗೆಂದು ಸೊರಬಕ್ಕೆ ಗಂಡಿನ ಮನೆ ನೋಡಲು ಹೋದವರೂ ಇವರೇ. ವಾಪಸು ಬಂದಾಗ ಮನೆಯವರೆಲ್ಲ ಬಾಗಿಲಲ್ಲೇ ಮುತ್ತಿಕೊಂಡೆವು. ಹುಡುಗ ಹೇಗಿದ್ದಾನೆ?

"ಹುಡುಗನ್ನ ಆಮ್ಯಾಲ ವಿಚಾರಿಸಿದ್ರಾತು. ಸೈಟು ಮೂವತ್ತು ನಲವತ್ತು ಅಂದಿದ್ರು, ಮೂವತ್ತು ಮೂವತ್ತೆಂಟೇ ಐತಿ!"

ಆ ಎರಡಡಿ ಕಡಿಮೆ ಬಿದ್ದ ಸೈಟಿನಲ್ಲೇ ನಾನು ಇಷ್ಟು ವರ್ಷದಿಂದ ಸಂಸಾರ ಮಾಡಿಕೊಂಡಿದ್ದೇನೆ. ಇವತ್ತಿಗೂ ನನ್ನ ಗಂಡ ದೊಡ್ಡಪ್ಪನನ್ನು ಕಂಡರೆ ಸ್ವಲ್ಪ ನೆಟ್ಟಗೆ ನಿಲ್ಲುತ್ತಾರೆ.

ಇರಲಿ, ಊರು ಉದ್ದವಾದ ವಿಷಯಕ್ಕೆ ಬರೋಣ. ಕೆರೆ ಏರಿ ದೂರ ಹೋದದ್ದನ್ನು ದೊಡ್ಡಪ್ಪ ಮೊದಲು ಮುನ್ಸಿಪಾಲಿಟಿಯವರ ತಲೆಗೆ ಕಟ್ಟಿದರು. ರಸ್ತೆ ರಿಪೇರಿ ಮಾಡುವಾಗ ಎಲ್ಲೋ ತಿರುವು ಹೆಚ್ಚಿಸಿದ್ದಾರೆ ಎಂದು ಅವರ ಗುಮಾನಿ. ಮರುದಿನ ಅದೇ ಬೀದಿಯ ಬಡಗಿ ರಹೀಮ್ ಸಾಬರ ಅಂಗಡಿಯ ಮುಂದೆ ಹಾದು ಹೋಗುವಾಗ ಅಭ್ಯಾಸಬಲದಿಂದ ಎಣಿಸಿದರು. ಹತ್ತು ಹೆಜ್ಜೆಯ ಅಂಗಡಿ ಹದಿನಾಲ್ಕು ಹೆಜ್ಜೆಯಾಗಿದೆ! ಅಲ್ಲೇ ನಿಂತು ಗುಡುಗಿದರು.

"ಸಾಬ್ರೇ, ನಾಲ್ಕು ಹೆಜ್ಜೆ ಒತ್ತುವರಿ ಮಾಡೀರಲ್ರೀ! ನಿಮ್ಮಂಥವ್ರು ಹಿಂಗ ಮಾಡಬೌದಾ?"

ರಹೀಮ್ ಸಾಬರು ಕೈಯಲ್ಲಿದ್ದ ಉಜ್ಜುಗೊರಡು ಕೆಳಗಿಟ್ಟು ಅಂಗಡಿಯನ್ನೊಮ್ಮೆ, ದೊಡ್ಡಪ್ಪನನ್ನೊಮ್ಮೆ ನೋಡಿದರು. "ಗೋಡಿ ನಮ್ಮಪ್ಪ ಕಟ್ಸಿದ್ದು ಸಾಹೇಬ್ರೇ. ಅದು ಎಲ್ಲಿ ಹೋಗತೈತ್ರೀ?" ಎಂದರು. ದೊಡ್ಡಪ್ಪ ನೇರ ಮನೆಗೆ ಬಂದು ತಾಲ್ಲೂಕು ಕಚೇರಿಗೆ ಅರ್ಜಿ ಬರೆಯಲು ಕೂತರು.

ಅರ್ಜಿಗೆ ಕಲ್ಲು ಹಾಕಿದವರು ದೊಡ್ಡಮ್ಮ. ಅವರು ಹೆಚ್ಚು ಮಾತಾಡುವವರಲ್ಲ. ಆಡಿದರೆ ಮಾತ್ರ ಎದುರಿನವರಿಗೆ ಮಾತು ಉಳಿಯುವುದಿಲ್ಲ.

"ಅಲ್ರೀ, ನಮ್ಮನಿ ತಲಬಾಗಿಲಿನಿಂದ ಅಡಿಗಿಮನಿಗೆ ಎಷ್ಟು?"

"ಎಂಟು ಹೆಜ್ಜಿ. ಅದನ್ನೇನು ಕೇಳ್ತಿ?"

"ಒಂದ್ಸಲ ನಡದು ನೋಡ್ರಿ."

ದೊಡ್ಡಪ್ಪ ನಡೆದರು. ಎಂಟಾಯಿತು, ಅಡುಗೆಮನೆ ಬರಲಿಲ್ಲ. ಒಂಬತ್ತು, ಹತ್ತು, ಹನ್ನೊಂದು. ಹನ್ನೊಂದರ ಮೇಲೂ ಒಂದು ಪಾದ ಬೇಕಾಯಿತು. ದೊಡ್ಡಮ್ಮ ಸೌಟು ಹಿಡಿದುಕೊಂಡೇ ಕೇಳಿದರು, "ನಮ್ಮನೀನೂ ಸಾಬ್ರೇ ಒತ್ತುವರಿ ಮಾಡ್ಯಾರೇನು?"

ಹೊಸ್ತಿಲ ಮೇಲೆ ಕೈಯಿಟ್ಟು ನಿಂತ ದೊಡ್ಡಪ್ಪ ಬಹಳ ಹೊತ್ತು ತಮ್ಮ ಮೊಣಕಾಲನ್ನೇ ನೋಡಿದರಂತೆ. ಎರಡು ವರ್ಷದಿಂದ ಎರಡೂ ಮೊಣಕಾಲು ಊದಿಕೊಂಡು ನೋಯುತ್ತಿದ್ದವು. ಸವೆತ ಎಂದು ಡಾಕ್ಟರು ಹೇಳಿಯೂ ಆಗಿತ್ತು. ಊರು ಹಿಗ್ಗಿರಲಿಲ್ಲ. ಹೆಜ್ಜೆ ಕುಗ್ಗಿತ್ತು, ಅಷ್ಟೇ.

ಇಷ್ಟು ಹೊತ್ತು ನಕ್ಕೆವಲ್ಲ, ಇಲ್ಲಿಂದ ಮುಂದೆ ನಮಗೆ ನಗು ಬರಲಿಲ್ಲ. ದೊಡ್ಡಪ್ಪ ಅರ್ಜಿ ಹರಿದರು. ಅಳತೆ ಬರೆದಿಡುವ ಹಳೆಯ ಫೀಲ್ಡ್ ಬುಕ್ಕನ್ನು ಟ್ರಂಕಿಗೆ ಹಾಕಿದರು. ಪಡಸಾಲೆಯ ಕುರ್ಚಿಯಲ್ಲಿ ಕೂತವರು ಮತ್ತೆ ಬೀದಿಗೆ ಇಳಿಯಲೇ ಇಲ್ಲ. ಎಣಿಸುವುದನ್ನೂ ಬಿಟ್ಟರು. ಹೆಜ್ಜೆ ಎಣಿಸದ ದೊಡ್ಡಪ್ಪನನ್ನು ನಾವು ಯಾರೂ ನೋಡಿಯೇ ಇರಲಿಲ್ಲ.

ನಾಲ್ಕು ತಿಂಗಳು ಹೀಗೇ ಕಳೆದ ಮೇಲೆ ನಾನೇ ಸೊರಬದಿಂದ ಬಸ್ಸು ಹತ್ತಿ ಬಂದು, ಹಟ ಮಾಡಿ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದೆ. ಡಾಕ್ಟರು ರಿಪೋರ್ಟು ನೋಡಿ, "ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ. ಆದರೆ ಗಡಿಗೆ ಬಂದು ನಿಂತಿದೆ" ಎಂದರು.

"ಯಾವ ಕಡಿ ಗಡಿ? ಬಾಂದು ಕಲ್ಲು ಹಾಕ್ಯಾರಾ?" ಎಂದರು ದೊಡ್ಡಪ್ಪ. ಹೊಲದ ಗಡಿಗೆ ನೆಡುವ ಕಲ್ಲಿನ ಮಾತು ಡಾಕ್ಟರಿಗೆ ತಿಳಿಯಲಿಲ್ಲ. ನನಗೆ ಮಾತ್ರ ಎಷ್ಟೋ ದಿನದ ಮೇಲೆ ಸ್ವಲ್ಪ ಸಮಾಧಾನವಾಯಿತು. ಡಾಕ್ಟರು ಅವರನ್ನು ಕುರ್ಚಿಯಿಂದ ಬಾಗಿಲ ತನಕ ನಡೆಸಿ, ಗಡಿಯಾರ ನೋಡಿಕೊಂಡು, ಹೀಗೆ ಹೇಳಿದರು: "ಮಂಡಿ ನೋವು ಅಂತ ಎಲ್ಲರೂ ಕೂತುಬಿಡ್ತಾರೆ ಯಜಮಾನ್ರೇ. ನಡಿಗೆ ಕಡಿಮೆ ಆದಷ್ಟೂ ಸಕ್ಕರೆ ಹತ್ತಿರ ಬರುತ್ತೆ. ನಿಧಾನಕ್ಕೆ ನಡೀರಿ, ನೋವಾದರೆ ಕೂತು ಮತ್ತೆ ಏಳಿ. ಮೂರು ತಿಂಗಳು ಬಿಟ್ಟು ನೋಡೋಣ."

ನನ್ನಪ್ಪ, ಅಂದರೆ ಇವರ ತಮ್ಮ, ಸಕ್ಕರೆ ಕಾಯಿಲೆಯಲ್ಲೇ ಹೋದರು. ಕಾಲಿನ ಒಂದು ಸಣ್ಣ ಗಾಯ ಕೊನೆಗೂ ಒಣಗಲಿಲ್ಲ. ಆಮೇಲೆ ನನಗೆ ಅಪ್ಪ ಅಂತ ಉಳಿದವರು ಇವರೊಬ್ಬರೇ. ಆ ದಿನ ಆಸ್ಪತ್ರೆಯ ಮೆಟ್ಟಿಲಲ್ಲಿ ಅವರ ಕೈ ಹಿಡಿದುಕೊಂಡಿದ್ದಾಗ ನನಗೆ ನಿಜಕ್ಕೂ ಭಯವಾಗಿತ್ತು.

ಮನೆಗೆ ಬಂದ ದೊಡ್ಡಪ್ಪನದು ಒಂದೇ ರಾಗ. "ನಡಿ ಅಂತಾರ. ನೋವಾದ್ರ ಕೂಡು ಅಂತಾರ. ಬೀದ್ಯಾಗ ಎಲ್ಲಿ ಕೂಡ್ಲಿ, ಮಂದಿ ಕಟ್ಟೀ ಮ್ಯಾಲ?" ಕುರ್ಚಿ ಬಿಟ್ಟು ಏಳಲೊಲ್ಲರು. ಕಡೆಗೆ ದೊಡ್ಡಮ್ಮನೇ ಸೆರಗು ಹೊದ್ದುಕೊಂಡು, ಗಂಡ ಜಗಳವಾಡಿ ಬಂದಿದ್ದ ಅದೇ ಅಂಗಡಿಗೆ ಹೋದರು. ಹಿಂದೆ ನಾನೂ ಹೋದೆ. ಒಂದು ಬೆಂಚು ಬೇಕಿತ್ತು ಅನ್ನುವಷ್ಟರಲ್ಲಿ ರಹೀಮ್ ಸಾಬರು ನಕ್ಕುಬಿಟ್ಟರು.

"ಅವತ್ತು ಸಾಹೇಬ್ರು ನನ್ನ ಅಂಗಡಿಗೆ ನಾಲ್ಕು ಹೆಜ್ಜಿ ಜಾಗ ಜಾಸ್ತಿ ಕೊಟ್ಟು ಹೋಗ್ಯಾರಲ್ರೀ ಅಮ್ಮಾ. ಅದರಾಗ ಹಾಕ್ತೀನಿ ಬಿಡ್ರಿ!"

ಮರುದಿನವೇ ಅಂಗಡಿ ಮುಂದೆ ಬೆಂಚು ಬಂತು. ಮಂಡಿ ಹೆಚ್ಚು ಬಗ್ಗಬಾರದೆಂದು ಸ್ವಲ್ಪ ಎತ್ತರ, ಏಳುವಾಗ ಹಿಡಿದುಕೊಳ್ಳಲು ಎರಡು ಕಡೆ ಕೈ. ದೊಡ್ಡಪ್ಪ ನಾಚಿಕೊಂಡೇ ಹೋದರು, ಕೂತರು, ಟೀ ಕುಡಿದು ಬಂದರು. ಅಂದೇ ಸಾಬರು ದೊಡ್ಡಮ್ಮನ ಕಿವಿಗೆ ಒಂದು ಉಪಾಯ ಹಾಕಿದರು. ದೊಡ್ಡಪ್ಪ ಸ್ನಾನಕ್ಕೆ ಹೋದ ಹೊತ್ತಿಗೆ ಬೆಂಚನ್ನು ದಿನಕ್ಕೊಂದು ಮಾರು ಕೆರೆಯ ಕಡೆಗೆ ಸರಿಸುವುದು! ಒಂದು ತುದಿ ಸಾಬರು, ಇನ್ನೊಂದು ತುದಿ ದೊಡ್ಡಮ್ಮ. ನಾನು ಬಂದ ಭಾನುವಾರ ದೊಡ್ಡಮ್ಮನಿಗೆ ರಜಾ.

"ಬೆಂಚು ಯಾಕ್ರೀ ಇಲ್ಲಿಗೆ ಬಂತು?" ಎಂದು ದೊಡ್ಡಪ್ಪ ಕೇಳಿದರೆ ಸಾಬರ ಬಳಿ ಉತ್ತರ ಸಿದ್ಧ. ಒಂದು ದಿನ ಅಂಗಡಿ ಮುಂದೆ ಬಿಸಿಲು. ಒಂದು ದಿನ ಪಾಲಿಶ್ ವಾಸನೆ. ಬೇವಿನ ಮರದ ಕೆಳಗೆ ಹೋದ ಮೇಲೆ ಕಾಗೆ ಕಾಟ. ಮರ ದಾಟಿದ ಮೇಲೆ ಮತ್ತೆ ಬಿಸಿಲು! ದೊಡ್ಡಪ್ಪ "ಹೌದಾ?" ಎಂದು ಕೂರುತ್ತಿದ್ದರು. ಎರಡು ತಾಲ್ಲೂಕಿನ ರೈತರು ಒಂದು ಗೇಣು ಬದು ಒತ್ತಿದರೆ ದೂರದಿಂದಲೇ ಹಿಡಿಯುತ್ತಿದ್ದ ಮನುಷ್ಯ ಇಷ್ಟು ದೊಡ್ಡ ಬೆಂಚಿನ ಕಳ್ಳತನ ಗುರುತಿಸಲಿಲ್ಲವಲ್ಲ, ಪಾಪ, ವಯಸ್ಸಾಯಿತು ಎಂದು ನಾವು ಒಳಗೊಳಗೇ ನಕ್ಕೆವು. ನಕ್ಕ ಮೇಲೆ ಸ್ವಲ್ಪ ಬೇಜಾರೂ ಆಗುತ್ತಿತ್ತು.

ಮೂರು ತಿಂಗಳಿಗೆ ಬೆಂಚು ಕೆರೆ ಏರಿಯ ಬುಡ ಮುಟ್ಟಿತು. ಮತ್ತೆ ರಕ್ತ ಕೊಟ್ಟೆವು. ಡಾಕ್ಟರು ಕನ್ನಡಕ ಏರಿಸಿ ರಿಪೋರ್ಟು ಓದಿದರು, ಇನ್ನೊಮ್ಮೆ ಓದಿದರು. "ಗಡಿಯಿಂದ ಹಿಂದಕ್ಕೆ ಹೋಗಿದೆ ಯಜಮಾನ್ರೇ. ನಡಿಗೆ ಬಿಡಬೇಡಿ" ಎಂದರು. ಅಬ್ಬಾ! ಹೊರಗೆ ಬಂದು ನಾನು ಆಸ್ಪತ್ರೆಯ ಗೇಟಿನ ಹತ್ತಿರವೇ ಅತ್ತುಬಿಟ್ಟೆ. "ಸಕ್ಕರಿ ಇಳದದ್ದು ನನಗ. ನಿನಗ್ಯಾಕವ್ವಾ ಕಣ್ಣಾಗ ನೀರು ಇಳೀತಾವ?" ಎಂದು ದೊಡ್ಡಪ್ಪ ಬೈದರು.

ಮನೆಗೆ ಬಂದ ಮೇಲೆ, "ಈ ರಿಪೋರ್ಟು ನನ್ನ ಬುಕ್ಕಿನಾಗ ಇಟ್ಟು ಬಾ" ಎಂದು ಟ್ರಂಕಿನ ಕೀಲಿ ಕೊಟ್ಟರು. ಹಳೇ ಫೀಲ್ಡ್ ಬುಕ್ಕು ಮೇಲೇ ಇತ್ತು. ತೆಗೆದೆ. ನಮ್ಮ ಬೀದಿಯ ನಕ್ಷೆ! ಮನೆ, ಸಾಬರ ಅಂಗಡಿ, ಬೇವಿನ ಮರ, ಕೆರೆ ಏರಿ. ನಡುವೆ ಉದ್ದಕ್ಕೂ ಪುಟ್ಟ ಪುಟ್ಟ ಚೌಕಗಳು, ಒಂದೊಂದಕ್ಕೂ ದಿನದ ಸಂಖ್ಯೆ. ಪಕ್ಕದಲ್ಲಿ ಆ ದಿನದ ಹೆಜ್ಜೆಯ ಅಳತೆ. ಮೊದಲ ದಿನ ಒಂದು ಮುಕ್ಕಾಲು ಅಡಿ. ಕೊನೆಯ ದಿನ ಎರಡೂಕಾಲು.

ಮೊದಲ ದಿನದ ಷರಾ ಹೀಗಿತ್ತು: "ಬಡಗಿ ಅಂಗಡಿ ಒತ್ತುವರಿ ಇಲ್ಲ. ಅಳತೆ ಮಾಡಿದವನದೇ ತಪ್ಪು. ಸಾಬರಲ್ಲಿ ಕ್ಷಮೆ ಕೇಳಿದೆ."

ಕೊನೆಯ ಪುಟದ ಷರಾ ಅದೇ ದುಂಡನೆಯ ಅಕ್ಷರದಲ್ಲಿತ್ತು.

"ಬೆಂಚು ಪ್ರತಿದಿನ ಒಂದು ಮಾರು ಸರಿಯುತ್ತಿದೆ. ಸರಿಸುತ್ತಿರುವವರು ರಹೀಮ್ ಸಾಬರು, ನನ್ನ ಹೆಂಡತಿ ಮತ್ತು ತಮ್ಮನ ಮಗಳು. ತಕರಾರು ಇಲ್ಲ."